ಕಾರಕೋರಂ ಹಿಮಾಲಯದ ಲೆಕ್ಕಕ್ಕೇ ಸೇರಿದರೇನು? – ಪರ, ವಿರೋಧ

ಪ್ರಶ್ನೆ: ಪ್ರೌಢಶಾಲೆಯ ಭೂಗೋಳ ಪಾಠದಲ್ಲಿ ಕಾರಕೋರಂ ಪರ್ವತಗಳನ್ನು ಹಿಮಾಲಯದ ಜೊತೆಗೇ ಸೇರಿಸಿ ಹೇಳಿದರೆ ಸಾಲದೆ?

ಪರ: ಒಂದೇ ಡಿಕ್ಕಿಗೆ ಎದ್ದ ಬೆಟ್ಟಗಳು
(ದಾವಣಗೆರೆಯ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಶಿಕ್ಷಕ)

‘ಸಾಕು ಅನ್ನೋ ಕಡೆಗೆ ಯಾರೂ ಸಿಗ್ತಾ ಇಲ್ಲ ಮೇಷ್ಟ್ರೇ, ನೀವೇ ಬರೆದುಕೊಡಿ’ ಎಂದು ಸಂಪಾದಕರು ಫೋನ್ ಮಾಡಿದರು. ಹಾಗಾಗಿ ಬರೆಯುತ್ತಿದ್ದೇನೆ. ಮನಸಾರೆ ನಂಬಿ ಬರೆಯುತ್ತಿದ್ದೇನೆ ಎಂದರೆ ನಮ್ಮ ಸ್ಟಾಫ್ ರೂಮಿನವರು ನಕ್ಕಾರು. ಹಾಗಂತ ಈ ಪಕ್ಷಕ್ಕೆ ಹೇಳಿಕೊಳ್ಳಲು ಏನೂ ಇಲ್ಲ ಎಂದಲ್ಲ.

ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದಿತು. ಇವತ್ತಿಗೂ ಗುದ್ದುತ್ತಲೇ ಇದೆ. ಆ ಗುದ್ದಿಗೆ ಎದ್ದದ್ದು 2,400 ಕಿ.ಮೀ. ಉದ್ದದ ಹಿಮಾಲಯ. ಅದೇ ಗುದ್ದಿಗೆ ಅದರ ವಾಯವ್ಯದಲ್ಲಿ ಸುಮಾರು 500 ಕಿ.ಮೀ. ಕಾರಕೋರಂ ಇಷ್ಟೆತ್ತರಕ್ಕೆ ಏರಿತು. ಜಗತ್ತಿನಲ್ಲಿ 8,000 ಮೀಟರ್ ದಾಟಿದ ಶಿಖರಗಳು 14. ಹತ್ತು ಹಿಮಾಲಯದಲ್ಲಿವೆ, ನಾಲ್ಕು ಕಾರಕೋರಂನಲ್ಲಿ: ಕೆ2, ಗಾಶೆರ್‌ಬ್ರಮ್ 1, ಬ್ರಾಡ್ ಪೀಕ್, ಗಾಶೆರ್‌ಬ್ರಮ್ 2. ಬೇರೆಲ್ಲೂ ಒಂದೂ ಇಲ್ಲ. ಎತ್ತಿದ್ದು ಒಂದೇ ಡಿಕ್ಕಿ, ಎತ್ತರವೂ ಒಂದೇ ಸಮ. ಎಂಟನೆಯ ಕ್ಲಾಸಿನ ಹುಡುಗನಿಗೆ ಇದಕ್ಕಿಂತ ಹತ್ತಿರದ ನಂಟು ಇನ್ನೇನು ತೋರಿಸಲಿ?

ದೊಡ್ಡವರೂ ಸೇರಿಸಿಯೇ ಹೇಳುತ್ತಾರೆ. ಕಠ್ಮಂಡುವಿನಲ್ಲಿರುವ ಐಸಿಮೋಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅಫ್ಘಾನಿಸ್ತಾನದಿಂದ ಮ್ಯಾನ್ಮಾರ್‌ವರೆಗಿನ ಇಡೀ ಪರ್ವತ ಪ್ರದೇಶವನ್ನು ‘ಹಿಂದೂಕುಶ್ ಹಿಮಾಲಯ’ ಎಂದು ಕರೆಯುತ್ತದೆ. ಕಾರಕೋರಂ ಅದರೊಳಗೇ ಬರುತ್ತದೆ. ಹಿಮನದಿಗಳನ್ನೇ ಅಳೆಯುವ ಜನಕ್ಕೆ ನಡೆಯುವ ಹೆಸರು ನಮ್ಮ ಮಕ್ಕಳಿಗೆ ನಡೆಯದೆ?

ಇನ್ನು ಪೀರಿಯಡ್ಡಿನ ಮಾತು. ಹಿಮಾದ್ರಿ, ಹಿಮಾಚಲ, ಶಿವಾಲಿಕ ಎಂಬ ಹಿಮಾಲಯದ ಮೂರು ಸಾಲುಗಳೇ ಮಕ್ಕಳ ಬಾಯಲ್ಲಿ ಅದಲುಬದಲಾಗುತ್ತವೆ. ಅದರ ಬೆನ್ನಿಗೇ ಉತ್ತರದ ಮೈದಾನ, ದಖ್ಖನ್ ಪ್ರಸ್ಥಭೂಮಿ, ಕರಾವಳಿ ಕಾದಿರುತ್ತವೆ. ನಮ್ಮಲ್ಲಿಗೆ ಬರುವ ಅರ್ಧ ಮಕ್ಕಳು ಭದ್ರಾ ನಾಲೆಯ ಕೊನೆಯಂಚಿನ ಹಳ್ಳಿಯವರು. ನೀರು ಯಾವ ವಾರ ಬರುತ್ತದೆ ಎಂಬುದೇ ಅವರಿಗೆ ದೊಡ್ಡ ಭೂಗೋಳ, ಅದರಲ್ಲಿ ಅವರು ನನಗಿಂತ ಜಾಣರು.

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಆರು ದಿನ ಹೂತುಹೋಗಿಯೂ ಉಸಿರು ಹಿಡಿದಿದ್ದ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಕೊನೆಗೆ ತೀರಿಕೊಂಡಾಗ ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಮೌನ ಆಚರಿಸಿದೆವು. ‘ಹಿಮಾಲಯದಲ್ಲಿ’ ಎಂದೇ ಹೇಳಿದೆ. ಆ ಚಳಿ, ಆ ಎತ್ತರ ಎಂಥದ್ದೆಂದು ಮಕ್ಕಳಿಗೆ ತಿಳಿಯಿತು. ಅಷ್ಟು ಸಾಕಿತ್ತು.

ಕಾಲೇಜಿಗೆ ಹೋದ ಮೇಲೆ ಬೇಕಾದವರು ಬೇರೆ ಮಾಡಿಕೊಳ್ಳಲಿ.

ವಿರೋಧ: ಹೈವೇಯಲ್ಲಿ ಗುದ್ದಿಕೊಂಡ ಬಸ್ಸುಗಳು
(ಚಿತ್ರದುರ್ಗದಲ್ಲಿ ಭೂವಿಜ್ಞಾನ ಕಲಿಸುವ ಉಪನ್ಯಾಸಕಿ)

ಸಾಲದು. ಜಾಗ ಕೊಟ್ಟರೆ ಇನ್ನೂ ಹತ್ತು ಸಲ ಬರೆಯುತ್ತೇನೆ.

‘ಒಂದೇ ಡಿಕ್ಕಿ’ ಎನ್ನುವ ವಾದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ದಾವಣಗೆರೆ–ಚಿತ್ರದುರ್ಗ ಹೈವೇಯಲ್ಲಿ ಎರಡು ಬಸ್ಸು ಮುಖಾಮುಖಿ ಗುದ್ದಿಕೊಂಡರೆ ಎರಡೂ ನುಗ್ಗಾಗುತ್ತವೆ. ಅಷ್ಟಕ್ಕೇ ಎರಡೂ ಒಂದೇ ಬಸ್ಸಾಗುತ್ತವೆಯೆ? ಹಿಮಾಲಯದ ಕಲ್ಲು ಬಹುಪಾಲು ಭಾರತದ ಫಲಕದ್ದು. ಕಾರಕೋರಂ ಗುದ್ದಿಸಿಕೊಂಡ ಏಷ್ಯಾದ ದಕ್ಷಿಣದ ಅಂಚು. ಗುದ್ದಾಟಕ್ಕೆ ಮೊದಲು ಎರಡರ ನಡುವೆ ಟೆಥಿಸ್ ಸಮುದ್ರವೇ ಇತ್ತು. ಆ ಸಮುದ್ರದಲ್ಲಿ ಎದ್ದ ಜ್ವಾಲಾಮುಖಿ ದ್ವೀಪಗಳ ಸಾಲೊಂದು ಮಧ್ಯೆ ಸಿಕ್ಕಿಹಾಕಿಕೊಂಡಿತು. ಅದೇ ಇವತ್ತಿನ ಕೊಹಿಸ್ತಾನ್–ಲಡಾಖ್ ಪಟ್ಟಿ. ನೆಲದ ಎರಡು ತುಂಡು ಗುದ್ದಿ ಅಂಟಿಕೊಂಡ ಗೆರೆಗೆ ಬೆಸುಗೆ ಎನ್ನುತ್ತೇವೆ. ಈ ಪಟ್ಟಿಯ ದಕ್ಷಿಣಕ್ಕೆ ಸಿಂಧೂ ಬೆಸುಗೆ, ಉತ್ತರಕ್ಕೆ ಶ್ಯೋಕ್ ಬೆಸುಗೆ. ಅಂದರೆ ಹಿಮಾಲಯಕ್ಕೂ ಕಾರಕೋರಂಗೂ ಗೋಡೆ ಹಂಚಿಕೊಂಡ ನೆರೆತನವೂ ಇಲ್ಲ, ನಡುವೆ ಮೂರನೆಯವರ ಮನೆ ಇದೆ. ಹೋಗಲಿ, ಅದೇ ಡಿಕ್ಕಿಯ ನೂಕು ದೂರದ ತಿಯೆನ್ ಶಾನ್ ಬೆಟ್ಟಗಳನ್ನೂ ಎತ್ತಿದೆ. ಅವನ್ನೂ ಹಿಮಾಲಯ ಎಂದುಬಿಡೋಣವೆ?

ಮಕ್ಕಳಿಗೆ ಹೊರೆಯಂತೆ. ಹಾಗಿದ್ದರೆ ತುಂಗೆ ಬೇರೆ, ಭದ್ರೆ ಬೇರೆ ಯಾಕೆ, ‘ಹೊಳೆ’ ಎಂದು ಹೇಳಿ ಪೀರಿಯಡ್ ಮುಗಿಸಲಿ.

ಇದನ್ನು ಬೇರೆ ಯಾವ ಊರಿನವರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ಊರಿನ ಕಲ್ಲಿನಲ್ಲೇ ಇಂಥ ಬೆಸುಗೆ ಇದೆ. ಪಶ್ಚಿಮ ಧಾರವಾಡ ಕ್ರೇಟಾನ್, ಪೂರ್ವ ಧಾರವಾಡ ಕ್ರೇಟಾನ್ (ಕ್ರೇಟಾನ್ ಎಂದರೆ ಭೂಖಂಡದ ಹಳೆಯ ಗಟ್ಟಿ ತುಂಡು) ಎಂದು ಭೂವಿಜ್ಞಾನಿಗಳು ಗೆರೆ ಎಳೆಯುವುದು ಚಿತ್ರದುರ್ಗದ ಶಿಸ್ಟ್ ಎಂಬ ಪದರಗಲ್ಲಿನ ಪಟ್ಟಿಯ ಪೂರ್ವದಂಚಿನಲ್ಲಿ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಮರಡಿಹಳ್ಳಿಗೆ ಕರೆದೊಯ್ಯುತ್ತೇನೆ. ನೀರಿನಡಿ ಉಕ್ಕಿ ದಿಂಬಿನ ಆಕಾರಕ್ಕೆ ಹೆಪ್ಪುಗಟ್ಟಿದ ಲಾವಾ ಅಲ್ಲಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಯಸ್ಸು ಸುಮಾರು 250 ಕೋಟಿ ವರ್ಷ, ಮೇಷ್ಟ್ರ ಡಿಕ್ಕಿಯ ಐವತ್ತು ಪಟ್ಟು. ಈ ಬಯಲುಸೀಮೆಯಲ್ಲಿ ಸಮುದ್ರವಿತ್ತು ಎನ್ನುವುದನ್ನು ಆ ಕಲ್ಲು ಮುಟ್ಟಿ ನೋಡಿದ ಮಕ್ಕಳು ನಂಬುತ್ತಾರೆ. ಅವರಿಗೆ ಸಿಂಧೂ ಬೆಸುಗೆ ಅರ್ಥವಾಗುವುದಿಲ್ಲ ಎಂದು ಯಾರು ಹೇಳಿದ್ದು?

ನೀರಿನ ಲೆಕ್ಕವೂ ಬೇರೆ. ಹಿಮಾಲಯ ಅಷ್ಟೆತ್ತರವಿದ್ದೂ ನೀರನ್ನು ಇಬ್ಭಾಗಿಸುವುದಿಲ್ಲ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರಾ ಮೂರೂ ಅದರ ಬೆನ್ನಿನಾಚೆ ಹುಟ್ಟಿ ಅದನ್ನು ಕೊರೆದು ಈಚೆ ಬರುತ್ತವೆ. ಕಾರಕೋರಂ ಬಹುಮಟ್ಟಿಗೆ ನೀರನ್ನು ಇಬ್ಭಾಗಿಸುತ್ತದೆ. ಮೇಷ್ಟ್ರು ‘ಹಿಮಾಲಯದಲ್ಲಿ’ ಎಂದ ಸಿಯಾಚಿನ್ ಹಿಮನದಿ ಇರುವುದು ಕಾರಕೋರಂನಲ್ಲಿ. ಅದು ಕರಗಿದ ನೀರು ನುಬ್ರಾ, ಶ್ಯೋಕ್ ಆಗಿ ಸಿಂಧೂ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಟ್ಟದ ಆಚೆ ಮಗ್ಗುಲಿನ ನೀರು ಶಕ್ಸ್‌ಗಾಮ್, ಯಾರ್ಕಂದ್ ಆಗಿ ಚೀನಾದ ತಾರಿಮ್ ತಗ್ಗಿನ ಮರುಭೂಮಿಯ ಕಡೆ ಹರಿದು ಯಾವ ಸಮುದ್ರವನ್ನೂ ಕಾಣದೆ ಇಂಗುತ್ತದೆ. (ನಮ್ಮ ಬಡ ವೇದಾವತಿಯಾದರೂ ಹಗರಿಯಾಗಿ ತುಂಗಭದ್ರೆ ಮುಟ್ಟುತ್ತದೆ.)

ಹಿಮ ಬೀಳುವ ಕಾಲವೂ ಒಂದಲ್ಲ. ನೇಪಾಳದ ಕಡೆ ಹಿಮಾಲಯಕ್ಕೆ ಮುಂಗಾರೇ ಗತಿ. ಕಾರಕೋರಂಗೆ ಹೆಚ್ಚಿನ ಹಿಮ ತರುವುದು ಚಳಿಗಾಲದ ಪಶ್ಚಿಮ ಮಾರುತ. ಹಿಮನದಿಗಳ ಉದ್ದವೂ ಒಂದಲ್ಲ. ಕಾರಕೋರಂನ ಸಿಯಾಚಿನ್ 76 ಕಿ.ಮೀ., ಬಿಯಾಫೊ 67, ಬಾಲ್ಟೊರೊ 63. ಹಿಮಾಲಯದ ಗಂಗೋತ್ರಿ ಸುಮಾರು 30. ಹಿಮಾಲಯದ ಹಿಮನದಿಗಳು ಕುಗ್ಗುತ್ತಿದ್ದ ಕಾಲದಲ್ಲಿ ಮಧ್ಯ ಕಾರಕೋರಂನ ಹಲವು ಹಿಮನದಿಗಳು ಇದ್ದಲ್ಲೇ ಇದ್ದವು, ಕೆಲವು ಬೆಳೆದವು. ಭೂಗೋಳಶಾಸ್ತ್ರಜ್ಞ ಕೆನ್ನೆತ್ ಹೆವಿಟ್ 2005ರಲ್ಲಿ ಇದಕ್ಕೆ ‘ಕಾರಕೋರಂ ಅಪವಾದ’ ಎಂದು ಹೆಸರಿಟ್ಟರು. ಎರಡನ್ನೂ ಒಂದೇ ಎಂದು ಕಲಿತ ಹುಡುಗಿಗೆ ಇದರಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ ಎನ್ನುವುದೇ ಹೊಳೆಯುವುದಿಲ್ಲ.

ಲಡಾಖಿಗೆ ಹೋಗಿದ್ದಾಗ ನಮ್ಮ ಟೆಂಪೊ ಟ್ರಾವೆಲರ್‌ನಲ್ಲಿ ದಾವಣಗೆರೆಯ ಹಿರಿಯರೊಬ್ಬರಿದ್ದರು. ಅಡಿಕೆ ತೋಟದವರು, ಖಡಕ್ ರೊಟ್ಟಿಯ ಡಬ್ಬಿ ಬಿಟ್ಟು ಕದಲುತ್ತಿರಲಿಲ್ಲ. ಖರ್ದುಂಗ್ ಲಾ ಕಣಿವೆದಾರಿಯ ನೆತ್ತಿಯಲ್ಲಿ 18,380 ಅಡಿ ಎಂಬ ಬೋರ್ಡಿನ ಮುಂದೆ ನಿಂತು ‘ಹಿಮಾಲಯದ ತುದಿ ಮುಟ್ಟಿದ್ವಿ ನೋಡ್ರಿ’ ಎಂದು ಮಗನಿಗೆ ವಿಡಿಯೊ ಕಾಲ್ ಹಚ್ಚಿದರು. ಬೋರ್ಡೇ ಸುಳ್ಳು, ಅಳತೆ ಮಾಡಿದವರ ಪ್ರಕಾರ ಆ ಜಾಗ 5,359 ಮೀಟರ್, 17,600 ಅಡಿಯೂ ಇಲ್ಲ. ನಾವು ನಿಂತಿರುವುದು ಲಡಾಖ್ ಶ್ರೇಣಿಯ ಮೇಲೆ, ಹಿಮಾಲಯ ಲೇಹ್‌ಗೂ ದಕ್ಷಿಣಕ್ಕೆ, ಝಂಸ್ಕಾರ್ ಶ್ರೇಣಿಯ ಆಚೆ ಉಳಿಯಿತು, ಎದುರಿಗೆ ಕಾಣುವುದು ಕಾರಕೋರಂ ಎಂದೆ. ‘ಆತು ಬಿಡ್ರಿ ಮೇಡಂ, ಚಳಿ ಒಂದೇ ಐತಲ್ಲ’ ಎಂದರು.

ಮರುದಿನ ನುಬ್ರಾ ಕಣಿವೆಯ ಪನಾಮಿಕ್, ಬಿಸಿನೀರ ಬುಗ್ಗೆಯ ಊರು. ಸುತ್ತ ಹಿಮದ ಬೆಟ್ಟ, ನೆಲದಿಂದ ಮಾತ್ರ ಸುಡುನೀರು. ಕಾಲು ಇಳಿಬಿಟ್ಟು ಕೂತವರೇ ‘ಇದು ಹ್ಯಾಂಗೆ?’ ಎಂದು ಅವರೇ ಕೇಳಿದರು. ನುಬ್ರಾ ಕಣಿವೆಯ ಉದ್ದಕ್ಕೂ ಕಾರಕೋರಂ ಸ್ತರಭಂಗ ಹಾದುಹೋಗುತ್ತದೆ, ಅದರ ಎರಡೂ ಮಗ್ಗುಲು ಒಂದನ್ನೊಂದು ಉಜ್ಜಿಕೊಂಡು ಪಕ್ಕಕ್ಕೆ ಸರಿಯುತ್ತವೆ, ಆ ಬಿರುಕಿನಲ್ಲಿ ಆಳಕ್ಕಿಳಿದ ನೀರು ಕಾದು ಮೇಲೆ ಬರುತ್ತದೆ ಎಂದು ವಿವರಿಸಿದೆ. ರೊಟ್ಟಿ ಡಬ್ಬಿ ಮುಚ್ಚಿ ಕೇಳಿದರು. ಸಂಜೆ ಹುಂಡರ್‌ನಲ್ಲಿ ಎರಡು ಡುಬ್ಬದ ಒಂಟೆ ನೋಡಲು ನಿಂತಿದ್ದ ಹುಬ್ಬಳ್ಳಿಯ ಕುಟುಂಬವೊಂದಕ್ಕೆ ಅದನ್ನೇ ಅವರು ಪಾಠ ಮಾಡುತ್ತಿದ್ದರು. ಅರ್ಧಕ್ಕರ್ಧ ತಪ್ಪು ಹೇಳುತ್ತಿದ್ದರು ನಿಜ, ಆದರೆ ಕಾರಕೋರಂ ಎಂದೇ ಹೇಳುತ್ತಿದ್ದರು.

ಎಪ್ಪತ್ತರ ಹತ್ತಿರದ ಅಡಿಕೆ ಬೆಳೆಗಾರರಿಗೆ ಒಂದು ಬಿಸಿನೀರ ಬುಗ್ಗೆಯ ಹೊತ್ತು ಸಾಕಾಯಿತು. ಹದಿಮೂರರ ಮಕ್ಕಳಿಗೆ ಒಂದು ಪೀರಿಯಡ್ ಸಾಲುವುದಿಲ್ಲವಂತೆ! ಕೆ2 ಶಿಖರದ ಎತ್ತರ 8,611 ಮೀಟರ್ ಎಂದು ಬಾಯಿಪಾಠ ಮಾಡಿಸುವ ಸಮಯದಲ್ಲೇ, 1856ರಲ್ಲಿ ಕಾಶ್ಮೀರದ ಹರಮುಖ್ ಬೆಟ್ಟದಿಂದ ಮಾಂಟ್‌ಗೊಮೆರಿ ಎಂಬ ಸರ್ವೆ ಅಧಿಕಾರಿ ಅದನ್ನು ಕಾರಕೋರಂನ ಶಿಖರವೆಂದೇ ಗುರುತು ಹಾಕಿಕೊಂಡ ಎಂದೂ ಹೇಳಬಹುದು. ನಕ್ಷೆಯಲ್ಲಿ ಎರಡು ನೀಲಿ ಗೆರೆ ಎಳೆಯಲಿ, ಸಿಂಧೂ ಒಂದು, ಶ್ಯೋಕ್ ಒಂದು. ಪರೀಕ್ಷೆಗೆ ಪ್ರಶ್ನೆ ನಾನೇ ಕೊಡುತ್ತೇನೆ: ‘ಕಾರಕೋರಂನ ಉತ್ತರ ಮಗ್ಗುಲಿನ ನೀರು ಯಾವ ಸಮುದ್ರ ಸೇರುತ್ತದೆ?’ ದಾವಣಗೆರೆಯ ಪೇಪರುಗಳನ್ನು ತಿದ್ದುವುದಕ್ಕೂ ನಾನು ತಯಾರು.