ಆಂಡೀಸ್ ದಾಟಿದ ಹೇಸರಗತ್ತೆಗಳು

ಅಮ್ಮನನ್ನು ಕರೆದುಕೊಂಡು ಕೇದಾರನಾಥಕ್ಕೆ ಹೋಗಿದ್ದೆ. ಗೌರಿಕುಂಡದಿಂದ ಮೇಲಕ್ಕೆ ಅಮ್ಮ ಹೇಸರಗತ್ತೆ ಮೇಲೆ, ನಾನು ಪಕ್ಕದಲ್ಲಿ ನಡೆದುಕೊಂಡು. ಅರ್ಧ ದಾರಿಯಲ್ಲಿ ನಮ್ಮ ಮುಂದಿದ್ದ ಹೇಸರಗತ್ತೆಯೊಂದು ಮೊಣಕಾಲೂರಿ ಕುಸಿಯಿತು. ಅದರ ಬೆನ್ನ ಮೇಲೆ ಎರಡು ಗ್ಯಾಸ್ ಸಿಲಿಂಡರ್. ನಡೆಸುತ್ತಿದ್ದ ಹುಡುಗ ಹೊಡೆಯಲಿಲ್ಲ, ಬೈಯಲಿಲ್ಲ. ಹಗ್ಗ ಬಿಚ್ಚಿ ಭಾರ ಇಳಿಸಿದ. ಅದರ ಮೂತಿಯನ್ನು ತೊಡೆ ಮೇಲೆ ಇಟ್ಟುಕೊಂಡು ಅಲ್ಲೇ ಕೂತುಬಿಟ್ಟ. ಹಿಂದೆ ಜನ ಒತ್ತುತ್ತಿದ್ದರು, ನಾವು ದಾಟಿ ಹೋದೆವು. ಮರುದಿನ ಇಳಿಯುವಾಗ ಆ ಜಾಗದಲ್ಲಿ ಹುಡುಗನೂ ಇರಲಿಲ್ಲ, ಹೇಸರಗತ್ತೆಯೂ ಇರಲಿಲ್ಲ.

ಅಲ್ಲಿಂದ ಬಂದ ಮೇಲೆ, ನಾನು ತುಂಬಾ ವರ್ಷದಿಂದ ಇಷ್ಟಪಟ್ಟು ಓದುತ್ತಿದ್ದ ಒಂದು ಚರಿತ್ರೆ ಬೇರೆ ಥರ ಕಾಣತೊಡಗಿದೆ. 1817ರಲ್ಲಿ ಹೊಸೆ ದೆ ಸಾನ್ ಮಾರ್ಟಿನ್ ಅವರ ಸೈನ್ಯ ಆಂಡೀಸ್ ಪರ್ವತ ದಾಟಿದ ಕಥೆ ಅದು. ಇವತ್ತಿನ ಅರ್ಜೆಂಟೀನಾದಿಂದ ಚಿಲಿಗೆ. ಸ್ಪೇನ್ ಆಳ್ವಿಕೆಯಿಂದ ದಕ್ಷಿಣ ಅಮೆರಿಕ ಬಿಡಿಸಿಕೊಂಡ ಯುದ್ಧಗಳಲ್ಲಿ ಅದು ದೊಡ್ಡ ತಿರುವು. ಚಿತ್ರಗಳಲ್ಲಿ ಎಷ್ಟೋ ಸಲ ಸಾನ್ ಮಾರ್ಟಿನ್ ಬಿಳಿ ಕುದುರೆ ಮೇಲೆ ಕೂತಿರುತ್ತಾರೆ. ಆದರೆ ಪರ್ವತದಲ್ಲಿ ಅವರು ಕೂತಿದ್ದು ಹೇಸರಗತ್ತೆ ಮೇಲೆ. ಹೊಟ್ಟೆಹುಣ್ಣಿನಿಂದ ನರಳುತ್ತಿದ್ದ, ನೋವಿಗೆ ಅಫೀಮಿನ ಔಷಧಿ ತೆಗೆದುಕೊಳ್ಳುತ್ತಿದ್ದ ಮನುಷ್ಯ ಅವರು. ಅದನ್ನೇ ಬರೆದಿದ್ದರೆ ಅವರ ಮೇಲಿನ ಗೌರವ ಜಾಸ್ತಿಯೇ ಆಗುತ್ತಿತ್ತು ಅಲ್ವಾ?

ಪರ್ವತವನ್ನೇ ಯಾಕೆ ದಾಟಬೇಕಿತ್ತು? ಸ್ಪೇನ್‌ನ ಬಲವೆಲ್ಲ ಪೆರುವಿನ ಲಿಮಾದಲ್ಲಿತ್ತು. ಉತ್ತರದ ಬೆಟ್ಟಗಳ ದಾರಿಯಲ್ಲಿ, ಅಂದರೆ ಈಗಿನ ಬೊಲಿವಿಯಾ ಮೂಲಕ, ಹೋದ ಸೈನ್ಯ ಮತ್ತೆ ಮತ್ತೆ ಸೋತಿತ್ತು. 1811ರಲ್ಲಿ ಒಮ್ಮೆ, 1813ರಲ್ಲಿ ಎರಡು ಸಲ, 1815ರಲ್ಲಿ ಇನ್ನೊಮ್ಮೆ. ಹಾಗಾಗಿ ಸಾನ್ ಮಾರ್ಟಿನ್ ಬೇರೆ ದಾರಿ ಹಿಡಿದರು. ಮೊದಲು ಚಿಲಿ, ಅಲ್ಲಿಂದ ಸಮುದ್ರದ ಮೇಲೆ ಲಿಮಾ. ಅಷ್ಟರಲ್ಲಿ, 1814ರ ಅಕ್ಟೋಬರ್‌ನಲ್ಲಿ, ರಾಂಕಾಗುವಾ ಎಂಬಲ್ಲಿ ಚಿಲಿಯ ಹೋರಾಟಗಾರರು ಸೋತು, ಬರ್ನಾರ್ಡೊ ಓಹಿಗಿನ್ಸ್ ಮತ್ತು ಜೊತೆಯವರು ಬೆಟ್ಟ ಹತ್ತಿಳಿದು ಈಚೆ ಅರ್ಜೆಂಟೀನಾ ಕಡೆಯ ಮೆಂಡೋಸಾ ಊರಿಗೆ ಓಡಿಬಂದಿದ್ದರು. ಸಾನ್ ಮಾರ್ಟಿನ್ ಆಗಷ್ಟೇ ಆ ಸೀಮೆಯ, ಕೂಯೋ ಪ್ರಾಂತ್ಯದ, ರಾಜ್ಯಪಾಲರಾಗಿದ್ದರು. 1816ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಅವರು ಮನಸ್ಸು ಬಿಚ್ಚಿದ್ದಾರೆ. ತನ್ನ ನಿದ್ದೆ ಕೆಡಿಸುತ್ತಿರುವುದು ಶತ್ರುವಲ್ಲ, ಈ ಭಾರಿ ಬೆಟ್ಟಗಳನ್ನು ದಾಟುವ ಚಿಂತೆ ಅಂತ.

ಆ ಚಿಂತೆ ಇಡೀ ಸೀಮೆಯ ಕೆಲಸವಾಯಿತು. ನನಗೆ ಅತಿ ಇಷ್ಟವಾದ ಭಾಗ ಇದು. ಲೂಯಿಸ್ ಬೆಲ್ಟ್ರಾನ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ಕುಲುಮೆ ಹಾಕಿ ಕೂತರು. ನೂರಾರು ಜನ ಹಗಲು ರಾತ್ರಿ ಕೆಲಸ ಮಾಡಿದರು. ಚರ್ಚಿನ ಗಂಟೆಗಳೂ ಕರಗಿ ಮದ್ದುಗುಂಡಿನ ಕೆಲಸಕ್ಕೆ ಹೋದವು. ಸಾನ್ ಲೂಯಿಸ್‌ನಲ್ಲಿ ನೇಯ್ದ ಉಣ್ಣೆ ಬಟ್ಟೆ ಮೆಂಡೋಸಾದ ನೀರಿನ ಗಿರಣಿಗೆ ಬಂದು, ಅಲ್ಲಿ ಬಡಿಸಿಕೊಂಡು ದಪ್ಪಗಾಗುತ್ತಿತ್ತು. ಸಮವಸ್ತ್ರ ಹೊಲಿದವರು ಊರಿನ ಹೆಂಗಸರು. ಕಡಿದ ದನಗಳ ಚರ್ಮದಲ್ಲಿ ಚಪ್ಪಲಿಯಂಥ ಜೋಡು ಮಾಡಿ, ಒಳಗೆ ಹರಕು ಉಣ್ಣೆ ತುಂಬಿದರು. ಹೋರಿಯ ಕೊಂಬು ನೀರಿನ ಬುಂಡೆಯಾಯಿತು. ಊಟಕ್ಕೆ ಒಣಗಿಸಿದ ಮಾಂಸ. ಅದನ್ನು ಕುಟ್ಟಿ, ಕೊಬ್ಬು ಮೆಣಸಿನಕಾಯಿ ಸೇರಿಸಿ ಉಂಡೆ ಕಟ್ಟಿ ಇಟ್ಟುಕೊಳ್ಳುವುದು. ಬಿಸಿ ನೀರು, ಮೆಕ್ಕೆಜೋಳದ ಹಿಟ್ಟು ಹಾಕಿದರೆ ಊಟ ಸಿದ್ಧ. ಎತ್ತರದಲ್ಲಿ ಉಸಿರು ಕಟ್ಟಿದರೆ ತಿನ್ನಲು ಈರುಳ್ಳಿ, ಬೆಳ್ಳುಳ್ಳಿ.

ದಾರಿಯ ನಕ್ಷೆ ಸಿಕ್ಕಿದ ರೀತಿ ಇನ್ನೂ ಚೆನ್ನಾಗಿದೆ. 1816ರ ಜುಲೈ 9ರಂದು ತುಕುಮಾನ್‌ನಲ್ಲಿ ಅರ್ಜೆಂಟೀನಾದ ಸ್ವಾತಂತ್ರ್ಯ ಘೋಷಣೆಯಾಗಿತ್ತು. ಅದರ ಪ್ರತಿಯನ್ನು ಚಿಲಿಯ ಸ್ಪ್ಯಾನಿಷ್ ರಾಜ್ಯಪಾಲ ಮಾರ್ಕೊ ದೆಲ್ ಪೊಂಟ್‌ಗೆ ಮುಟ್ಟಿಸುವ ನೆಪದಲ್ಲಿ ಅಲ್ವಾರೆಸ್ ಕೊಂಡಾರ್ಕೊ ಎಂಬ ಎಂಜಿನಿಯರ್‌ನನ್ನು ಕಳಿಸಿದರು. ಹೋಗುವಾಗ ಉದ್ದದ ದಾರಿ, ಲಾಸ್ ಪಾತೋಸ್. ವಾಪಸ್ ಬರುವಾಗ ಗಿಡ್ಡ ದಾರಿ, ಉಸ್ಪಯಾಟಾ. ರಾಜ್ಯಪಾಲ ಸಿಟ್ಟಿನಿಂದ ಆ ಪ್ರತಿಯನ್ನು ಎಲ್ಲರೆದುರು ಸುಡಿಸಿದ. ಕೊಂಡಾರ್ಕೊ ಎರಡೂ ಕಣಿವೆಗಳನ್ನು ಚೀಟಿಯಲ್ಲೂ ಬರೆದುಕೊಳ್ಳದೆ ತಲೆಯಲ್ಲಿ ಹೊತ್ತು ತಂದ. ಇದಕ್ಕೂ ಮುಂಚೆ ಸಾನ್ ಮಾರ್ಟಿನ್ ಅಲ್ಲಿನ ಮೂಲನಿವಾಸಿಗಳಾದ ಪೆವೆಂಚೆ ಜನರ ಮುಖಂಡರನ್ನು ಕರೆದು, ನಿಮ್ಮ ನೆಲದ ಮೇಲೆ ದಕ್ಷಿಣದ ಕಣಿವೆಗಳಿಂದ ಹೋಗಲು ಒಪ್ಪಿಗೆ ಕೊಡಿ ಅಂತ ಕೇಳಿದ್ದರು. ಆ ಮಾತು ಶತ್ರುವಿಗೆ ಮುಟ್ಟಲಿ ಅನ್ನುವುದೇ ಅವರ ಲೆಕ್ಕ. ಮುಟ್ಟಿತು. ಮಾರ್ಕೊ ತನ್ನ ಸೈನ್ಯವನ್ನು ಉದ್ದಕ್ಕೂ ಹರಡಿಬಿಟ್ಟ.

1817ರ ಜನವರಿಯಲ್ಲಿ ಹೊರಟರು. ಅಲ್ಲಿ ಅದು ಬೇಸಿಗೆ, ಕಣಿವೆಗಳ ಹಿಮ ಕರಗುವ ಕಾಲ. ಒಟ್ಟು ಆರು ತಂಡ. ಮುಖ್ಯ ತಂಡ ಲಾಸ್ ಪಾತೋಸ್ ದಾರಿಯಲ್ಲಿ, ಫಿರಂಗಿಗಳ ತಂಡ ಲಾಸ್ ಎರಾಸ್ ಅವರ ಕೈಕೆಳಗೆ ಉಸ್ಪಯಾಟಾದಲ್ಲಿ. ಉಳಿದ ನಾಲ್ಕು ಸಣ್ಣವು, ಶತ್ರುವಿನ ಗಮನ ಚದುರಿಸಲು. ಲಾಸ್ ಪಾತೋಸ್ ದಾರಿಯ ಎಸ್ಪಿನಾಸಿಟೊ ಕಣಿವೆ 4,500 ಮೀಟರ್ ಹತ್ತಿರ. ಕೇದಾರನಾಥ ಇರುವುದು 3,500 ಮೀಟರ್‌ಗಿಂತ ಸ್ವಲ್ಪ ಮೇಲೆ. ಅಷ್ಟಕ್ಕೇ ನನಗೆ ರಾತ್ರಿಯೆಲ್ಲ ತಲೆ ಸಿಡಿಯುತ್ತಿತ್ತು, ಬೆನ್ನಲ್ಲಿ ಸುಮ್ನೆ ಒಂದು ಬ್ಯಾಗ್ ಬಿಟ್ಟರೆ ಏನೂ ಇರಲಿಲ್ಲ.

ಅವರ ಜೊತೆ ಫಿರಂಗಿ ಇತ್ತು. ಉಣ್ಣೆ, ಚರ್ಮ ಸುತ್ತಿದ ಫಿರಂಗಿಯನ್ನು ಗಳುವಿಗೆ ಕಟ್ಟಿ, ಮುಂದೊಂದು ಹಿಂದೊಂದು ಹೇಸರಗತ್ತೆಯ ನಡುವೆ ತೂಗುಹಾಕಿ ಒಯ್ದರು. ತೀರಾ ಕಡಿದಾದ ಕಡೆ ಮನುಷ್ಯರೇ ಹಗ್ಗ ಹಿಡಿದು ಎಳೆದರು. ಸೈನಿಕರು ಸುಮಾರು 4,000. ಸಾಮಾನು, ಪ್ರಾಣಿ ನೋಡಿಕೊಳ್ಳಲು ಸೀಮೆಯ ಇನ್ನೂ 1,200 ಜನ. ದಾರಿ ಸರಿ ಮಾಡಲು ಗಣಿಗಳಿಂದ ಬಂದ 120 ಕೆಲಸಗಾರರು ಹಾರೆ ಗುದ್ದಲಿ ಹಿಡಿದು ಜೊತೆಗಿದ್ದರು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಯುದ್ಧದ ಬಗ್ಗೆ ಏನೂ ಕೇಳಲಿಲ್ಲ. "ಹೇಸರಗತ್ತೆ ಎಷ್ಟು ಉಳಿದವು?" ಅಂದಳು.

ಹೊರಟಿದ್ದು ಸುಮಾರು 10 ಸಾವಿರ ಹೇಸರಗತ್ತೆ, 1,600 ಕುದುರೆ. ಆಚೆ ಮುಟ್ಟಿದ್ದು 4,300 ಹೇಸರಗತ್ತೆ, 511 ಕುದುರೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೂ ಆಗ ಆ ಹುಡುಗನೇ ಕಣ್ಣ ಮುಂದೆ ಬಂದ. ಅಷ್ಟು ಸಾವಿರ ಸಲ, ಯಾವುದೋ ತಿರುವಿನಲ್ಲಿ, ಯಾರೋ ಒಬ್ಬ ಹಗ್ಗ ಬಿಚ್ಚಿ ಭಾರ ಇನ್ನೊಂದರ ಮೇಲೆ ಹೇರಿರಬೇಕು. ಕೂತು ಮೂತಿ ಸವರಲು ಪುರುಸೊತ್ತೂ ಇದ್ದಿರಲಾರದು.

ಫೆಬ್ರವರಿ 12ರಂದು ಚಕಾಬೂಕೊದಲ್ಲಿ ಯುದ್ಧ ಗೆದ್ದರು. ಎರಡು ದಿನದಲ್ಲಿ ಸಾಂಟಿಯಾಗೊ ಕೈಗೆ ಬಂತು. ಸಾನ್ ಮಾರ್ಟಿನ್ ತಮ್ಮ ವರದಿಯಲ್ಲಿ, 24 ದಿನಗಳಲ್ಲಿ ಪರ್ವತ ದಾಟಿ ಚಿಲಿಗೆ ಸ್ವಾತಂತ್ರ್ಯ ಕೊಟ್ಟೆವು ಎಂದು ಹೇಳಿಕೊಳ್ಳುವ ಕೀರ್ತಿ ಆಂಡೀಸ್ ಸೈನ್ಯಕ್ಕೆ ಸೇರಿದ್ದು ಎಂದು ಬರೆದರು. ಅವರು 'ನಾನು' ಅನ್ನಲಿಲ್ಲ. 'ನಾನು' ಮಾಡಿದವರು ಆಮೇಲಿನ ನಾವು. ಮೆಂಡೋಸಾದ ಗ್ಲೋರಿಯಾ ಗುಡ್ಡದ ಮೇಲಿನ 1914ರ ಸ್ಮಾರಕದಲ್ಲಿ ಮುಂದೆ ಸಾನ್ ಮಾರ್ಟಿನ್ ಕುದುರೆ ಮೇಲಿದ್ದಾರೆ. ಆದರೆ ಸುತ್ತಲಿನ ಕಂಚಿನ ಉಬ್ಬುಚಿತ್ರಗಳಲ್ಲಿ ಬೆಲ್ಟ್ರಾನ್ ಅವರ ಕುಲುಮೆಯೂ ಇದೆ, ಸೈನ್ಯಕ್ಕಾಗಿ ಒಡವೆ ಕೊಡುತ್ತಿರುವ ಹೆಂಗಸರೂ ಇದ್ದಾರೆ. ಆ ಶಿಲ್ಪಿಯ ಮನಸ್ಸು ನನಗೆ ಇಷ್ಟ.

ಆ 'ಸೈನ್ಯ' ಅನ್ನುವ ಮಾತಿನೊಳಗೆ ಯಾರಿದ್ದರು ಅನ್ನುವುದೇ ನನ್ನನ್ನು ಕಾಡುವ ವಿಷಯ. ಕಾಲ್ದಳದ 7 ಮತ್ತು 8ನೇ ಬೆಟಾಲಿಯನ್‌ಗಳಲ್ಲಿದ್ದವರು ಹೆಚ್ಚಾಗಿ ಕಪ್ಪು ಜನ, ಗುಲಾಮಗಿರಿಯಿಂದ ಬಂದವರು. ಮಾಲೀಕರಿಂದ ಅವರನ್ನು ಸೈನ್ಯಕ್ಕೆ ಪಡೆಯಲಾಗಿತ್ತು. ಬಂದೂಕು ಹಿಡಿದರೆ ಬಿಡುಗಡೆ, ಅದೇ ಒಪ್ಪಂದ. ಚಕಾಬೂಕೊದಲ್ಲಿ ಓಹಿಗಿನ್ಸ್ ಜೊತೆ ಎದುರಿನಿಂದ ನುಗ್ಗಿದ್ದು ಇದೇ ಎರಡು ಬೆಟಾಲಿಯನ್. ಇದನ್ನು ದೇಶಪ್ರೇಮದ ಕಥೆ ಅಂತ ಒಂದೇ ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಹುಟ್ಟಿದಾಗಲೇ ತಮ್ಮದಾಗಿರಬೇಕಿದ್ದ ಬದುಕನ್ನು ಅವರು ಪ್ರಾಣ ಒತ್ತೆಯಿಟ್ಟು ಕೊಂಡುಕೊಳ್ಳಬೇಕಾಯಿತು.

1818ರಲ್ಲಿ ಚಿಲಿಯ ಮೈಪು ಯುದ್ಧದಲ್ಲೂ ಅವರು ಹೋರಾಡಿದರು. 1820ರಲ್ಲಿ ಹಡಗು ಹತ್ತಿ ಪೆರುವಿಗೆ ಹೋದರು. 1821ರ ಜುಲೈ 28ರಂದು ಲಿಮಾದಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. ಮರುವರ್ಷ ಸಾನ್ ಮಾರ್ಟಿನ್ ಪೆರು ಬಿಟ್ಟು ಹೋದರು. ಈ ಸೈನಿಕರು ಅಲ್ಲೇ ಉಳಿದರು. ಆ ಎರಡು ಬೆಟಾಲಿಯನ್ ಸೇರಿಸಿ ಮಾಡಿದ ರೆಜಿಮೆಂಟ್, 1824ರ ಫೆಬ್ರವರಿಯಲ್ಲಿ ಲಿಮಾದ ಬಂದರಾದ ಕಯಾಓದ ಕೋಟೆಯಲ್ಲಿ ದಂಗೆ ಎದ್ದಿತು. ಸಂಬಳ ಬಂದಿರಲಿಲ್ಲ. ಇನ್ನೂ ದೂರದ ಉತ್ತರಕ್ಕೆ ಹಡಗಿನಲ್ಲಿ ಕಳಿಸುತ್ತಾರೆ ಅನ್ನುವ ಭಯ ಬೇರೆ. ಕೊನೆಗೆ ಆ ಕೋಟೆ ಸ್ಪೇನ್ ಕೈಗೇ ಹೋಯಿತು, ಅದನ್ನು ದ್ರೋಹ ಅಂತ ಬರೆದವರು ಬಹಳ ಜನ. ಏಳು ವರ್ಷ ಮೊದಲು ಉಣ್ಣೆ ತುಂಬಿದ ಚರ್ಮದ ಜೋಡು ಹಾಕಿಕೊಂಡು ಎಸ್ಪಿನಾಸಿಟೊ ಹತ್ತಿದ ಕಾಲುಗಳೂ ಆ ಕೋಟೆಯಲ್ಲಿದ್ದವು. ಅವರು ಬಿಟ್ಟುಬಂದ ಅರ್ಜೆಂಟೀನಾದಲ್ಲಿ ಗುಲಾಮಗಿರಿ ರದ್ದು ಅಂತ ಸಂವಿಧಾನದಲ್ಲಿ ಬರೆದಿದ್ದು 1853ರಲ್ಲಿ.