ಕುರಿ ಇವೆ, ಕಾಯೋರೆಲ್ಲಿ?

ಕ್ರಿ.ಪೂ. 133. ಚೀನಾದ ಹಾನ್ ರಾಜವಂಶದ ಚಕ್ರವರ್ತಿ ವೂ, ಮಾಯಿ ಎಂಬ ಗಡಿ ಊರಿನ ಹತ್ತಿರ ದೊಡ್ಡ ಸೈನ್ಯವನ್ನೇ ಅಡಗಿಸಿಟ್ಟ. ಆ ಕಾಲದ ಇತಿಹಾಸಕಾರ ಸಿಮಾ ಚಿಯೆನ್ ಕೊಡುವ ಲೆಕ್ಕ 3 ಲಕ್ಷ. ನಿಯೆ ಯಿ ಎಂಬ ವ್ಯಾಪಾರಿ ಹುಲ್ಲುಗಾವಲಿನ ಅಲೆಮಾರಿಗಳಾದ ಶಿಯೊಂಗ್ನುಗಳ ದೊರೆ ಜುನ್‌ಚೆನ್ ಹತ್ತಿರ ಹೋಗಿ, "ಊರನ್ನು ನಿಮಗೆ ಒಪ್ಪಿಸ್ತೀನಿ" ಅಂತ ಆಸೆ ಹುಟ್ಟಿಸಿದ. ದೊರೆ 1 ಲಕ್ಷ ಸವಾರರ ಜೊತೆ ಹೊರಟ. ದಾರಿಯಲ್ಲಿ ನೋಡಿದರೆ ಬಯಲ ತುಂಬ ಜಾನುವಾರು ಮೇಯುತ್ತಿವೆ, ಕಾಯುವವರು ಒಬ್ಬರೂ ಇಲ್ಲ. ಅಲ್ಲೇ ಅವನಿಗೆ ಅನುಮಾನ ಬಂತು. ಹತ್ತಿರದ ಕಾವಲು ಠಾಣೆಗೆ ನುಗ್ಗಿ, ಅಲ್ಲಿನ ಅಧಿಕಾರಿಯನ್ನು ಹಿಡಿದು ಬಾಯಿ ಬಿಡಿಸಿದ. ಕುದುರೆ ತಿರುಗಿಸಿಕೊಂಡು ವಾಪಸ್ ಹೋದ. ಯುದ್ಧವೇ ನಡೆಯಲಿಲ್ಲ.

ಈ ಕಥೆಯನ್ನು ಮೇಜಿನ ಮೇಲೆ ಆಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ನನ್ನ ಹುಚ್ಚು ನಿಮಗೆ ಗೊತ್ತಲ್ಲ, ಮಿನಿಯೇಚರ್ ವಾರ್‌ಗೇಮ್, ಅಂದರೆ ಪುಟ್ಟ ಗೊಂಬೆ ಸೈನ್ಯಗಳಿಂದ ಯುದ್ಧದ ಆಟ. 28 ಎಂಎಂ ಎತ್ತರದ ಗೊಂಬೆಗಳು, ದಾಳ, ಅಳತೆ ಟೇಪು. ಹಾನ್ ಕಾಲದ ಅಡ್ಡಬಿಲ್ಲಿನವರು ಸಿಗ್ತಾರೆ. ಕುದುರೆ ಮೇಲಿಂದ ಬಾಣ ಬಿಡುವವರಂತೂ ಬೇಕಾದಷ್ಟು ಭಂಗಿಗಳಲ್ಲಿ. ಆದರೆ ಒಬ್ಬ ರೈತ, ನೀರು ಹೊತ್ತ ಹೆಂಗಸು, ಕುರಿ ಕಾಯುವ ಹುಡುಗ? ಹುಡುಕಿ ಹುಡುಕಿ ಸಾಕಾಗುತ್ತೆ. ದಸರಾ ಗೊಂಬೆ ಕೂರಿಸುವ ನಮ್ಮ ಅಜ್ಜಿಯರೇ ವಾಸಿ. ರಾಜ ರಾಣಿಯ ಪಟ್ಟದ ಗೊಂಬೆ ಇಟ್ಟರೂ, ಶೆಟ್ಟಿ-ಶೆಟ್ಟಮ್ಮನ ಅಂಗಡಿಯನ್ನು ಮರೆಯೋದಿಲ್ಲ.

'ಚೀನೀ ಜನಸಾಮಾನ್ಯರು' ಅಂತ ಹುಡುಕಿದರೆ ಬರೋದು ಹೆಚ್ಚಾಗಿ 19ನೇ ಶತಮಾನದವರು. ಮುಂದಲೆ ಬೋಳು, ಬೆನ್ನ ಮೇಲೆ ಉದ್ದ ಜಡೆ. ಆ ಜಡೆಯನ್ನು ಚೀನಾ ಗೆದ್ದ ಮಂಚೂ ದೊರೆಗಳು ಚೀನೀ ಗಂಡಸರ ಮೇಲೆ ಹೇರಿದ್ದು 1645ರಲ್ಲಿ. ಹಾನ್ ರಾಜವಂಶ ಅಳಿದು ಆಗಲೇ 1400 ವರ್ಷ ದಾಟಿತ್ತು. ನಾನು ಜಡೆ ಕತ್ತರಿಸಿ, ಎಂ-ಸೀಲ್‌ನಲ್ಲಿ ನೆತ್ತಿ ಮೇಲೆ ಒಂದು ಗಂಟು ಕೂರಿಸ್ತೀನಿ. ಅಂಗಿಯದು ಇನ್ನೊಂದು ಪಾಡು. ಎಡಗಡೆ ಅಂಚನ್ನು ಮೇಲೆ ತಂದು ಬಲಕ್ಕೆ ಕಟ್ಟೋದು ಹಾನ್ ಜನರ ರೂಢಿ. ತಲೆ ಬಿಚ್ಚಿಕೊಂಡು ಎಡಕ್ಕೆ ಅಂಗಿ ಕಟ್ಟುವವರು ಅಂದರೆ ಕಾಡುಜನ ಅನ್ನೋ ಭಾವನೆ ಕನ್ಫ್ಯೂಷಿಯಸ್ ಕಾಲದಿಂದಲೂ ಇತ್ತು. ಇಂಥ ಸಣ್ಣ ಗೆರೆಯನ್ನು ಯಾರು ನೋಡ್ತಾರೆ ಅಂತೀರಾ? ನಾನು ನೋಡ್ತೀನಿ. ಕುರ್ಚಿಯಲ್ಲಿ ಕೂತು ಟೀ ಕುಡಿಯುವ ಗೊಂಬೆಯನ್ನಂತೂ ಮುಟ್ಟೋದೇ ಇಲ್ಲ. ಹಾನ್ ಕಾಲದವರು ಚಾಪೆ ಮೇಲೆ ಕೂರುತ್ತಿದ್ದರು.

ಅಲೆಮಾರಿಗಳ ಕಡೆ ಸಮಸ್ಯೆ ಬೇರೆ. ಸಿಗೋದೆಲ್ಲ ಚೆಂಗೀಸ್ ಖಾನ್ ಕಾಲದ ಮಂಗೋಲರು. ಅವರು ಕಾಲೂರುವ ರಿಕಾಪುಗಳನ್ನು ಕತ್ತರಿಸಿ ಹಾಕಬಹುದು, ಶಿಯೊಂಗ್ನು ಸವಾರರಿಗೆ ರಿಕಾಪು ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಅಂದರೆ, ಅಲ್ಲಿ ಸೈನಿಕ ಯಾರು, ಸಾಮಾನ್ಯ ಯಾರು ಅಂತ ಗೆರೆ ಎಳೆಯೋದೇ ಕಷ್ಟ. ಅಲ್ಲಿನ ಮಕ್ಕಳು ಕುರಿ ಸವಾರಿ ಮಾಡುತ್ತಾ ಹಕ್ಕಿ, ಇಲಿಗಳಿಗೆ ಬಾಣ ಬಿಡುತ್ತಿದ್ದರು ಅಂತ ಸಿಮಾ ಚಿಯೆನ್ ಬರೆದಿದ್ದಾರೆ. ಕುರಿ ಮೇಲೆ ಕೂತ ಆ ಮಗುವಿನ ಗೊಂಬೆ ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಕೇಳಿದ ಬೆಲೆ ಕೊಡ್ತೀನಿ.

ಈ ಜನಸಾಮಾನ್ಯರ ಗೊಂಬೆಗಳೆಲ್ಲ ಸುಮ್ನೆ ಅಲಂಕಾರಕ್ಕೆ ಅಂತ ನಮ್ಮ ಹವ್ಯಾಸದವರು ಹೇಳಿದಾಗ ನನಗೆ ಸಿಟ್ಟು ಬರುತ್ತೆ. ಕ್ರಿ.ಪೂ. 124ರಲ್ಲಿ ಸೇನಾಪತಿ ವೇ ಚಿಂಗ್ ರಾತ್ರೋರಾತ್ರಿ ಶಿಯೊಂಗ್ನು ಬಿಡಾರವನ್ನು ಮುತ್ತಿದ. ಅಲ್ಲಿನ ರಾಜ ಕೆಲವು ನೂರು ಸವಾರರ ಜೊತೆ ಪಾರಾದ. ಹಿಡಿದು ತಂದಿದ್ದು ಸುಮಾರು 15,000 ಗಂಡಸರು ಹೆಂಗಸರು, ಜೊತೆಗೆ ಲೆಕ್ಕವಿಲ್ಲದಷ್ಟು ಜಾನುವಾರು. ಅತ್ತ ಶಿಯೊಂಗ್ನುಗಳೂ ಗಡಿ ದಾಟಿ ಬಂದಾಗ ಜನರನ್ನು, ದನಗಳನ್ನೇ ಹೊಡೆದುಕೊಂಡು ಹೋಗುತ್ತಿದ್ದರು. ಅಂದಮೇಲೆ ಆಟದ ಅಂಕ ಇರಬೇಕಾದ್ದು ಅವರ ಮೇಲೆ ತಾನೆ? ಬೋಳು ಮೇಜಿನ ಮೇಲೆ ಎರಡು ಸೈನ್ಯ ಗುದ್ದಾಡಿದರೆ ಅದು ಎಲ್ಲಿಯ ಯುದ್ಧವಾದರೂ ಆಗಬಹುದು.

ಮಾದರಿ ಇಲ್ಲ ಅನ್ನೋ ನೆಪವನ್ನಂತೂ ನಾನು ಒಪ್ಪಲ್ಲ. ಹಾನ್ ಜನ ಸತ್ತವರ ಜೊತೆ ಹೂಳಲು ಮಣ್ಣಿನಲ್ಲಿ ಊರನ್ನೇ ಮಾಡುತ್ತಿದ್ದರು. ಕಣಜ, ಬಾವಿ, ಹಂದಿದೊಡ್ಡಿ, ಅಡುಗೆಯವರು, ಎಲ್ಲ. ಕ್ರಿ.ಪೂ. 141ರಲ್ಲಿ ತೀರಿಕೊಂಡ ಚಿಂಗ್ ಚಕ್ರವರ್ತಿಯ ಸಮಾಧಿ ಚೀನಾದ ಶಿಆನ್ ನಗರದ ಹತ್ತಿರ ಇದೆ. ಅಲ್ಲಿನ ಗುಂಡಿಗಳಲ್ಲಿ ಸುಮಾರು 60 ಸೆಂ.ಮೀ. ಎತ್ತರದ ಜನ ಸಾಲುಸಾಲಾಗಿ ಸಿಕ್ಕಿದ್ದಾರೆ, ಹಂದಿ, ನಾಯಿ, ಕುರಿಗಳ ಸಮೇತ. ಛೆಂಗ್ಡೂ ಕಡೆ ಸಿಕ್ಕ ಕಥೆ ಹೇಳುವವನ ಗೊಂಬೆಯ ಫೋಟೋ ನೋಡಿ. ಕಂಕುಳಲ್ಲಿ ಪುಟ್ಟ ಡೋಲು, ಮುಖ ತುಂಬ ನಗು, ಒಂದು ಕಾಲು ಗಾಳಿಯಲ್ಲಿ. ಅದನ್ನು 28 ಎಂಎಂಗೆ ಇಳಿಸಿದರೆ ಸಾಕು, ಯಾವ ಶಿಲ್ಪಿಯೂ ಹೊಸದಾಗಿ ಯೋಚಿಸಬೇಕಾಗಿಲ್ಲ.

ಸದ್ಯ ನಾನು ಮಾಯಿ ಆಟವನ್ನು ಹೀಗೆ ಆಡ್ತೀನಿ. ಹಾನ್ ಆಟಗಾರ ಎಷ್ಟು ಜನ ಕಾಯುವವರನ್ನು ಬಯಲಲ್ಲಿ ಬಿಡ್ತಾನೋ, ಶಿಯೊಂಗ್ನು ದೊರೆಗೆ ಅನುಮಾನ ಬರೋದು ಅಷ್ಟು ತಡ. ಆದರೆ ಕೊನೆಗೆ ಅವರಲ್ಲಿ ಸತ್ತವರ, ಸೆರೆಯಾದವರ ಲೆಕ್ಕ ಆ ಹಾನ್ ಆಟಗಾರನ ಅಂಕದಿಂದಲೇ ಕಳೀತೀವಿ. ಎಷ್ಟು ಜನರನ್ನು ಬಿಡಬೇಕು ಅಂತ ಅವನು ಒದ್ದಾಡೋದನ್ನು ನೋಡೋಕೇ ಮಜಾ.

ಕಾಯುವವರ ಗೊಂಬೆ ಮಾತ್ರ ಇನ್ನೂ ಸಾಲುತ್ತಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದ್ರೂ ಗೊಂಬೆ ಮಾಡೋ ರೆಸಿನ್ 3ಡಿ ಪ್ರಿಂಟರ್ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಪೇಂಟಿಂಗ್ ನಂದು.