ಖಾಲಿ ಸ್ಟೇಡಿಯಂ ನೋಡೋಕೂ ದುಡ್ಡಾ?

2020ರ ಅಕ್ಟೋಬರ್ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಇಂಗ್ಲೆಂಡಿನಲ್ಲಿ ಕೊರೊನಾ, ಸ್ಟೇಡಿಯಂ ಬಾಗಿಲು ಬಂದ್, ಎಷ್ಟೋ ಜನರಿಗೆ ಕೆಲಸವೇ ಇಲ್ಲ. ಅಂಥ ಹೊತ್ತಿನಲ್ಲಿ ಅಲ್ಲಿನ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್‌ನವರು ಮಾಮೂಲಿ ಪ್ರಸಾರದಲ್ಲಿ ಇಲ್ಲದ ಪಂದ್ಯಗಳನ್ನು ಟಿವಿಯಲ್ಲಿ ನೋಡಲು ಇಟ್ಟ ರೇಟು ಒಂದೊಂದಕ್ಕೆ 14.95 ಪೌಂಡ್! ಆಗ ನಮ್ಮ ಲೆಕ್ಕದಲ್ಲಿ ಸುಮಾರು 1,400 ರೂಪಾಯಿ. ತಿಂಗಳ ಚಂದಾ ಕಟ್ಟುತ್ತಿದ್ದವರಿಗೂ ರಿಯಾಯಿತಿ ಇಲ್ಲ.

ಸಿಗುತ್ತಿದ್ದುದಾದರೂ ಏನು? ಖಾಲಿ ಕುರ್ಚಿಗಳು, ರೆಕಾರ್ಡ್ ಮಾಡಿದ ಕೂಗು. ಗೋಲಾದರೆ ಯಾರೋ ಒಬ್ಬರು ಗುಂಡಿ ಒತ್ತಬೇಕು, ಆಮೇಲೆ 'ಜನ' ಕುಣಿಯಬೇಕು. ಮದುವೆಮನೆಯಲ್ಲಿ ಊಟ ಇಲ್ಲ, ಮುಯ್ಯಿ ಮಾತ್ರ ಕೊಡಿ ಅಂದ ಹಾಗೆ ಅಲ್ವಾ?

ಕೈಯಲ್ಲಿ ದುಡ್ಡಿಲ್ಲದೆ ಕೇಳಿದ್ದರೆ ಒಪ್ಪಬಹುದಿತ್ತು. ಕೆಳಗಿನ ಡಿವಿಷನ್‌ನ ಸಣ್ಣ ಕ್ಲಬ್‌ಗಳ ಪಾಡು ನಿಜಕ್ಕೂ ಕಷ್ಟದ್ದು. ಆದರೆ ಪ್ರೀಮಿಯರ್ ಲೀಗ್‌ನ ಈ ದೊಡ್ಡ ಕ್ಲಬ್‌ನವರು ಅದೇ ಬೇಸಿಗೆಯಲ್ಲಿ ಆಟಗಾರರನ್ನು ಕೊಳ್ಳಲು 100 ಕೋಟಿ ಪೌಂಡ್‌ಗೂ ಜಾಸ್ತಿ ಸುರಿದಿದ್ದರು.

ನ್ಯೂಕ್ಯಾಸಲ್ ಕ್ಲಬ್‌ನ ಅಭಿಮಾನಿಗಳು ಸುಮ್ನೆ ಗೊಣಗಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗಿನ ಪಂದ್ಯಕ್ಕೆ ಕೊಡಬೇಕಿದ್ದ ದುಡ್ಡನ್ನು ಊರಿನ ಬಡವರಿಗೆ ಪುಕ್ಕಟೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ಹಾಕಿದರು. ಬೇರೆ ಊರಿನವರೂ ಹಾಗೇ ಮಾಡಿದರು. ನವೆಂಬರ್‌ನಲ್ಲಿ ರೇಟೂ ಹೋಯಿತು, ಯೋಜನೆಯೂ ಹೋಯಿತು.

ಮೊದಲು ಈ ಯೋಜನೆಗೆ ವೋಟು ಹಾಕುವಾಗ ಲೀಗ್‌ನ 20 ಕ್ಲಬ್‌ಗಳಲ್ಲಿ ಬೇಡ ಅಂದದ್ದು ಲೆಸ್ಟರ್ ಒಂದೇ ಅಂತೆ. ಮಿಕ್ಕ 19ರಲ್ಲಿ ಒಬ್ಬರಿಗೂ ಮನೆಯಲ್ಲಿ ಕೂತು ಪಂದ್ಯ ನೋಡುವ ನೆಂಟರೇ ಇರಲಿಲ್ವಾ?